ಚಿಲಕದ ಮೇಲಿನ ಟವೆಲ್

ದೌಲಪ್ಪನ ನಿದ್ದೆಗೆ ರೋಜಾ ಬಡಾವಣೆಯ ಆ ಗಲ್ಲಿಯಲ್ಲಿ ಒಂದು ಕಾನೂನೇ ಇತ್ತು. ಕಾನೂನು ಮಾಡಿದವಳು ಅವನ ಹೆಂಡತಿ ಜಯದೇವಿ. ನಂದೂರಿನ ದಾಲ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಾತ್ರಿ ಪಾಳಿ ಮಾಡುವ ಗಂಡ ಬೆಳಿಗ್ಗೆ ಏಳಕ್ಕೆ ಬಂದು, ಮೈಮೇಲಿನ ತೊಗರಿಯ ಧೂಳು ತೊಳೆದುಕೊಂಡು, ಎರಡು ರೊಟ್ಟಿ ತಿಂದು ಮಲಗಿದ ಕೂಡಲೇ ಅವಳು ಅವನ ಟವೆಲ್ಲನ್ನು ಹೊರಬಾಗಿಲ ಚಿಲಕಕ್ಕೆ ತೂಗಿಹಾಕುತ್ತಿದ್ದಳು. ಟವೆಲ್ ಕಂಡರೆ ತರಕಾರಿ ಗಾಡಿಯ ಸಿಕಂದರ್ ಬಾಯಿ ಮುಚ್ಚಿಕೊಂಡು ಆ ಮನೆ ದಾಟಬೇಕು. ಯಾರೂ ಕದ ಬಡಿಯುವಂತಿಲ್ಲ. ಸಿಲಿಂಡರನ್ನು ದಡಕ್ಕನೆ ಇಳಿಸಿದವನೊಬ್ಬ ಮೂರು ತಿಂಗಳು ಆ ಗಲ್ಲಿಗೆ ಬರಲು ಹೆದರಿದ್ದ. ಸೀಟಿ ಹೊಡೆಯುತ್ತದೆಂದು ಅವಳು ಹಗಲು ಕುಕ್ಕರ್ ಕೂಡ ಇಡುತ್ತಿರಲಿಲ್ಲ. ಜನ ನಗುತ್ತಿದ್ದರು, ನಗುತ್ತಲೇ ಪಾಲಿಸುತ್ತಿದ್ದರು. ದೌಲಪ್ಪನೋ, ಮಕ್ಕಳಿಲ್ಲದ ಆ ಮನೆಯಲ್ಲಿ ತಾನೇ ಮಗುವಿನಂತೆ ಮಧ್ಯಾಹ್ನ ಮೂರರವರೆಗೆ ಮಗ್ಗುಲು ಬದಲಿಸದೆ ಮಲಗುತ್ತಿದ್ದ.

ಹೀಗಿರುವಾಗ ಫೆಬ್ರವರಿಯ ಒಂದು ಮಂಗಳವಾರ ಹೊಸ್ತಿಲ ಒಳಬದಿ ಗೋಡೆಗೆ ಒರಗಿ ಕೂತ ಜಯದೇವಿ ಕೂತಲ್ಲೇ ತೀರಿಹೋದಳು. ಹತ್ತು ಮಾರು ಬೇಡ, ನಾಲ್ಕು ಹೆಜ್ಜೆ ದೂರದಲ್ಲಿ ಗಂಡ ಮಲಗಿದ್ದ. ಅವನನ್ನು ಎಬ್ಬಿಸಿದ್ದು ಪಕ್ಕದ ಮನೆಯ ಜೀನತ್‌ಳ ಅಳು. ಹೃದಯ ನಿಂತಿದೆ, ನೋವು ತಾಸೆರಡು ತಾಸು ಮೊದಲೇ ಶುರುವಾಗಿರಬೇಕು ಎಂದರು ಡಾಕ್ಟರು. ಕಮಲಾಪುರದಲ್ಲಿ ಅವಳ ಅಣ್ಣನ ಬಾಳೆತೋಟದ ಬದುವಿನಲ್ಲಿ ಮಣ್ಣು ಮಾಡಿ ಬಂದರು.

ಅಂದಿನಿಂದ ದೌಲಪ್ಪನ ನಿದ್ದೆ ಹರಿದು ಚೂರಾಯಿತು. ಕಣ್ಣು ಮುಚ್ಚಿದರೆ ಸಾಕು, ಕನಸು. ಮಿಲ್ಲಿನಲ್ಲಿ ಬೇಳೆ ಸುರಿಯುತ್ತಿದೆ, ಯಂತ್ರದ ಆಚೆ ಜಯದೇವಿ ನಿಂತು ಏನೋ ಕೂಗುತ್ತಾಳೆ, ಸದ್ದಿನಲ್ಲಿ ಕೇಳಿಸುವುದಿಲ್ಲ. ಎಚ್ಚರವಾಗಿ ನೋಡಿದರೆ ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ. ಮತ್ತೆ ಜೊಂಪು, ಮತ್ತೆ ಅವಳು. ಈ ಸಲ ಹೊಸ್ತಿಲ ಮೇಲೆ, ಎದೆಗೆ ಕೈ ಒತ್ತಿಕೊಂಡು, ಹಸಿರು ಇಳಕಲ್ ಸೀರೆಯಲ್ಲಿ. "ಏನ್ರಿ, ಏಳ್ರಿ" ಎನ್ನುತ್ತಾಳೆ. ದಡಬಡಿಸಿ ಎದ್ದು ಬಾಗಿಲಿಗೆ ಓಡಿದರೆ ಖಾಲಿ ಹೊಸ್ತಿಲು, ಒಂಬತ್ತು ಐವತ್ತು. ಹೀಗೆ ಹಗಲಿಗೆ ಏಳೆಂಟು ಸಲ. ನಿದ್ದೆ ಅರ್ಧಕ್ಕೆ ಮುರಿಯುವುದರಿಂದಲೇ ಕನಸು ಇಷ್ಟು ಸ್ಪಷ್ಟವಾಗಿ ನೆನಪಿರುತ್ತದೆ, ಗಟ್ಟಿ ನಿದ್ದೆ ಬಂದರೆ ಇದೂ ನಿಲ್ಲುತ್ತದೆ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ದೌಲಪ್ಪ ಗುಳಿಗೆ ತಂದ, ನುಂಗಲಿಲ್ಲ. ನುಂಗಿದರೆ ಅವಳ ದನಿ ಎಲ್ಲಿ ಕೇಳಬೇಕು?

ಆದರೆ ಆ ದನಿಯೇ ಅವನನ್ನು ಒಳಗಿನಿಂದ ತಿನ್ನುತ್ತಿತ್ತು. ಅವಳು ಅಂದು ಖರೆಯಾಗಿಯೂ ಕೂಗಿರಬೇಕು, ತಾನು ಹೆಣದಂತೆ ಬಿದ್ದಿದ್ದೆ, ಕಿವಿ ಕೇಳಿಸಿಕೊಂಡದ್ದನ್ನು ಈಗ ಕನಸು ಒಪ್ಪಿಸುತ್ತಿದೆ ಎಂದು ಅವನು ತೀರ್ಮಾನಿಸಿಬಿಟ್ಟ. ತನಗೆ ತಾನೇ ಶಿಕ್ಷೆ ಬರೆದುಕೊಂಡ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರು?

ಜುಲೈನಲ್ಲಿ ಒಂದು ದಿನ ಅವನು ಕಮಲಾಪುರದ ಬಸ್ಸು ಹತ್ತಿದ. ಅತ್ತೆ ಶಂಕ್ರಮ್ಮ ತೋಟದ ಮನೆಯ ಮುಂದೆ ಕೂತು ಕೆಂಪು ಬಾಳೆಯ ಗೊನೆಗೆ ಒಣಗಿದ ಬಾಳೆಲೆಯ ರವದಿ ಸುತ್ತುತ್ತಿದ್ದಳು. ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಲೆ ಎತ್ತದೆ, ನಿಮ್ಮ ಮಗಳು ಕರೆದಾಗ ನಾನು ಏಳಲಿಲ್ಲ, ಕ್ಷಮಿಸಿದರೆ ಕ್ಷಮಿಸಿ, ಇಲ್ಲದಿದ್ದರೆ ಎರಡು ಬಾರಿಸಿ ಎಂದ. ಮುದುಕಿ ಗೊನೆ ಬದಿಗಿಟ್ಟಳು. ಮಗಳನ್ನು ಕಳಕೊಂಡವಳು ತಾನಲ್ಲವೇನೋ ಎಂಬಂತೆ ಅಳಿಯನ ಕಣ್ಣೊರೆಸಿದಳು.

"ನನ್ನ ಮಗಳು ಎಬ್ಬಿಸೋ ಪೈಕಿ ಅಲ್ರಿ," ಎಂದಳು. "ಆದ್ರ ನಾ ಆವತ್ತು ಅಲ್ಲಿದ್ದಿಲ್ಲ. ಇದ್ದಾಕಿ ಜೀನತ್. ಆಕಿನ್ನ ಕೇಳ್ರಿ."

ಸಂಜೆ ಮರಳಿ ಬಂದವನೇ ದೌಲಪ್ಪ ಜೀನತ್‌ಳ ಬಾಗಿಲಿಗೆ ಹೋದ. ಜಯದೇವಿ ಸತ್ತ ಮೇಲೂ ದಿನಾ ಬೆಳಿಗ್ಗೆ ಚಿಲಕಕ್ಕೆ ಟವೆಲ್ ಹಾಕುತ್ತಿದ್ದವಳು ಅವಳೇ. ಯಾರೂ ಹೇಳಿರಲಿಲ್ಲ, ಅವನೂ ಯಾಕೆಂದು ಕೇಳಿರಲಿಲ್ಲ. ಅವನ ಮುಖ ನೋಡುತ್ತಲೇ ಅವಳಿಗೆ ಗೊತ್ತಾಯಿತು. ಐದು ತಿಂಗಳಿಂದ ಈ ಗಳಿಗೆಗೆ ಹೆದರಿಯೇ ಅವಳು ಅವನೆದುರು ತಲೆತಗ್ಗಿಸಿ ಓಡಾಡಿದ್ದಳು.

"ಅಕಿ ಕೂಗ್ಯಾಳೇನು? ಖರೇ ಹೇಳು," ಎಂದ.

"ಇಲ್ಲ ಅಣ್ಣಾ. ಒಂದ್ ಸಲಾನೂ ಕೂಗಲಿಲ್ಲ."

ಆಮೇಲೆ ಜೀನತ್ ಎಲ್ಲ ಹೇಳಿದಳು. ಅಂದು ಹತ್ತು ಗಂಟೆಗೆ ಜಯದೇವಿ ತಾನೇ ನಡೆದು ಬಂದು, ಎದೆ ಉರಿಯುತ್ತಿದೆ, ಗ್ಯಾಸ್ ಇರಬೇಕು ಎಂದು ಅಜವಾನದ ನೀರು ಕೇಳಿ ಕುಡಿದಿದ್ದಳು. ಮೈಯೆಲ್ಲ ಬೆವರು. ಜೀನತ್ ಹೆದರಿ, ಅಣ್ಣನನ್ನು ಎಬ್ಬಿಸುತ್ತೇನೆ, ಆಟೋದಲ್ಲಿ ದವಾಖಾನೆಗೆ ಹೋಗೋಣ ಎಂದು ಎದ್ದಿದ್ದಳು. ಜಯದೇವಿ ಅವಳ ಕೈ ಹಿಡಿದು ಕೂರಿಸಿದ್ದಳು.

"ಏನಂದ್ಲು?"

"'ಈಗರೆ ಕಣ್ಣು ಮುಚ್ಯಾರ, ಎಬ್ಬಿಸಬ್ಯಾಡ. ಮೂರಕ್ಕ ಏಳ್ತಾರ, ಆಮ್ಯಾಲ ಹೋಗ್ತೀವಿ' ಅಂದ್ಲು ಅಣ್ಣಾ." ಜೀನತ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹನ್ನೊಂದಕ್ಕ ಮತ್ತ ನೋಡಾಕ ಬಂದೆ. ಬಾಗಿಲಾ ಮುಚ್ಚಿತ್ತು, ಚಿಲಕದ ಮ್ಯಾಲ ಟವೆಲ್ ಇತ್ತು. ಕದಾ ಬಡೀಲಿಲ್ಲ. ಹೊಳ್ಳಿ ಹೋದೆ. ಹನ್ನೆರಡಕ್ಕ ಜೀವ ತಡೀಲಾರದ ಕದಾ ನೂಕಿದಾಗ ಎಲ್ಲಾ ಮುಗದಿತ್ತು."

ದೌಲಪ್ಪ ಅವಳನ್ನು ಬೈಯಲಿಲ್ಲ. ಬೈಯಲು ಬಾಯಾದರೂ ಎಲ್ಲಿಂದ ಬರಬೇಕು? ಇಪ್ಪತ್ತೆರಡು ವರ್ಷ ಇಡೀ ಗಲ್ಲಿ ಪಾಲಿಸಿದ ಕಾನೂನನ್ನು ಅವಳೂ ಪಾಲಿಸಿದ್ದಳು, ಅಷ್ಟೇ. ನಿನ್ನ ತಪ್ಪಲ್ಲವ್ವಾ ಎಂದು ಹೇಳಿ ಅವನು ಹೇಗೋ ಎದ್ದು ಬಂದ.

ಮರುದಿನ ಪಾಳಿ ಮುಗಿಸಿ ಬಂದವನು, ಜೀನತ್ ಬರುವ ಮೊದಲೇ ಟವೆಲ್ಲನ್ನು ಮಡಿಚಿ ಜಯದೇವಿಯ ಟ್ರಂಕಿನಲ್ಲಿಟ್ಟ. ಗಾಡಿ ನೂಕಿಕೊಂಡು ಬಂದ ಸಿಕಂದರ್‌ನನ್ನು ನಿಲ್ಲಿಸಿ, ಇವತ್ತಿನಿಂದ ಈ ಬಾಗಿಲ ಮುಂದೆಯೇ ಗಂಟಲು ಹರಿಯುವಂತೆ ಕೂಗು ಎಂದ. ಬಾಗಿಲು ಹಾರುಹೊಡೆದು ತೆರೆದಿಟ್ಟು, ಅದರ ಎದುರಿಗೇ ಚಾಪೆ ಹಾಸಿಕೊಂಡು ಮಲಗಿದ.

ಕನಸು ಬಂತು. ಅದೇ ಹೊಸ್ತಿಲು, ಅದೇ ಹಸಿರು ಸೀರೆ, ಎದೆಯ ಮೇಲೆ ಕೈ. ಅವಳು ಅವನ ಕಡೆ ತಿರುಗಿದಳು. ಏಳ್ರಿ ಅನ್ನು, ಒಂದು ಸಲ ಅನ್ನು ಎಂದು ಅವನು ಮಲಗಿದಲ್ಲೇ ಬೇಡಿಕೊಂಡ. ಜಯದೇವಿ ತುಟಿಯ ಮೇಲೆ ಬೆರಳಿಟ್ಟು, ಮಲಗಿ ಎಂಬಂತೆ ತಲೆ ಆಡಿಸಿ, ಬೀದಿಯ ಕಡೆ ಮುಖ ಮಾಡಿ ಕೂತಳು.

ಸಿಕಂದರ್ ಕೂಗಿದ. ಯಾರದೋ ಕುಕ್ಕರ್ ಏಳು ಸೀಟಿ ಹೊಡೆಯಿತು. ದೌಲಪ್ಪನಿಗೆ ಎಚ್ಚರವಾದಾಗ ನಾಲ್ಕು ದಾಟಿತ್ತು. ಪಾಪ, ಇವತ್ತಾದರೂ ಮನುಷ್ಯನಿಗೆ ಕಣ್ತುಂಬ ನಿದ್ದೆ ಬಂತು ಎಂದು ಗಲ್ಲಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅವನು ಹೊಸ್ತಿಲ ಮೇಲೆ, ಅವಳು ಕೂತಿದ್ದ ಜಾಗದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಈಗಲೂ ಅವನು ದಿನಾ ಬಾಗಿಲು ತೆರೆದಿಟ್ಟೇ ಮಲಗುತ್ತಾನೆ. ಜಯದೇವಿ ಅವನನ್ನು ಮತ್ತೆ ಎಬ್ಬಿಸಲಿಲ್ಲ.