ಯೂಲಾಲಿ ಅತ್ತೆಯ ಮನೆ ಎದ್ದು ಹೋದದ್ದು

ಹಡಗಿನಿಂದಿಳಿದ ಪ್ರವಾಸಿಗರಿಗೆ ಬಾರ್ಬಡೋಸ್ ತೋರಿಸುವ ಡಾರ್ನ್‌ಲಿ ಗಿಟನ್ಸ್‌ಗೆ ಗಾಳಿಗಿರಣಿ, ಕೋಟೆ, ಕಬ್ಬಿನ ಧಣಿಗಳ ಬಂಗಲೆ ಎಲ್ಲ ಬರೀ ಉಪ್ಪಿನಕಾಯಿ. ಊಟವೆಂದರೆ ಯೂಲಾಲಿ ಅತ್ತೆಯ ಮನೆ. ಮುತ್ತಜ್ಜನ ಕಾಲದ ಆ ಹಲಗೆಮನೆ ನೋಡಲೆಂದೇ ಜನ ಅವನ ವ್ಯಾನು ಹತ್ತುತ್ತಿದ್ದರು. ಅದಿಲ್ಲದಿದ್ದರೆ ನೊಣವೂ ಹತ್ತುತ್ತಿರಲಿಲ್ಲ.

ಮನೆ ಅತ್ತೆಯದು, ಅದು ನಿಂತ ನೆಲ ಮಾತ್ರ ಅವನ ಅಪ್ಪ ಅವನಿಗೆ ಬಿಟ್ಟುಹೋದದ್ದು. ಅಂಗಳದಲ್ಲಿ ನಿಂತು ಅವನು ದಿನಾ ಒಂದೇ ಪಾಠ ಒಪ್ಪಿಸುತ್ತಿದ್ದ: "ನೋಡಿ, ಈ ಮನೆಗೆ ಪಾಯ ಇಲ್ಲ. ಬರೀ ಕಲ್ಲಿನ ಮೇಲೆ ಕೂತಿದೆ. ಆಗಿನ ಕೂಲಿಯೋರಿಗೆ ಮನೆ ಸ್ವಂತದ್ದು, ಜಾಗ ಧಣೀದು. ಧಣಿ ಜಾಸ್ತಿ ಹಾರಾಡಿದ್ನೋ, ಹಲಗೆ ಬಿಚ್ಚಿ, ಗಾಡಿಗೆ ಹೇರ್ಕೊಂಡು ಹೊರಟೇಬಿಡೋರು!" ಜನ ಚಪ್ಪಾಳೆ ತಟ್ಟುತ್ತಿದ್ದರು.

ಕಾಟವೆಲ್ಲ ಅತ್ತೆಯದೇ. ಹಳೇ ಕಾಲದವಳಂತೆ ತಲೆಗೆ ವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ಕೂತು ಹಸಿ ತೊಗರಿಕಾಯಿ ಸುಲಿ ಎಂದರೆ ಅವಳಿಗೆ ಟಿವಿಯಲ್ಲಿ ಕ್ರಿಕೆಟ್ ನೋಡುವ ಹುಚ್ಚು. ಆ ಶನಿವಾರ ಡಾರ್ನ್‌ಲಿ ದನಿ ತಗ್ಗಿಸಿ, "ಇಲ್ಲಿ ಕಾಲವೇ ನಿಂತುಹೋಗಿದೆ" ಎನ್ನುವಾಗಲೇ ಒಳಗಿಂದ ಕಿರುಚಾಟ: "ಅಯ್ಯೋ ದಡ್ಡ ಮುಂಡೇದೇ, ಅಂಥಾ ಬಾಲ್ ಬಿಡ್ತಾರೇನೋ!" ಪ್ರವಾಸಿಗರೆಲ್ಲ ಒಳಗೆ ನುಗ್ಗಿದರು. ಅವನು ಗೋಣಿಚೀಲ ಹೊದಿಸಿ ಬಚ್ಚಿಟ್ಟಿದ್ದ ಫ್ರಿಜ್ ತೆರೆದು ಅತ್ತೆ ಎಲ್ಲರಿಗೂ ಬಿಯರ್ ಹಂಚಿದಳು.

ಜನ ಹೋದ ಮೇಲೆ ಅವನು ಎಗರಾಡಿದ. "ನನ್ನ ಮಾನ ಹರಾಜು ಹಾಕಿದ್ಯಲ್ಲ ಅತ್ತೆ! ಮೊದ್ಲು ಆ ಟಿವಿ ಆಚೆ ಹಾಕು."

"ಹಾಕಲ್ಲ. ನಾನೇನು ನಿನ್ನ ಗಾಜಿನ ಪೆಟ್ಟಿಗೆ ಗೊಂಬೇನಾ?"

"ಜಾಗ ನಂದು. ನಾನು ಹೇಳ್ದಂಗೆ ಇರೋದಾದ್ರೆ ಇರು, ಇಲ್ಲಾಂದ್ರೆ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳೇ ಅತ್ತೆ. "ಓಹೋ," ಎಂದಳಷ್ಟೆ. ಬಾಯ್ತುಂಬ ಬಯ್ಯುವ ಹೆಂಗಸು ಸುಮ್ಮನಾದರೆ ಹೆದರಬೇಕೆಂದು ಆ ಮಂಕನಿಗೆ ಹೊಳೆಯಲಿಲ್ಲ.

ಸೋಮವಾರ ವ್ಯಾನು ತಿರುವು ದಾಟಿದ್ದೇ ತಡ, ಡಾರ್ನ್‌ಲಿ ಗಕ್ಕನೆ ಬ್ರೇಕ್ ಒತ್ತಿದ. ಮನೆಯಿಲ್ಲ! ಬರೀ ಕಲ್ಲುಗಳು, ನಡುವೆ ನೆಲ ಕೆದಕುವ ಒಂದು ಕೋಳಿ. ರಸ್ತೆಯಾಚೆ, ಅತ್ತೆಯ ಗೆಳತಿ ಮರ್ಟಲ್‌ಳ ಅಂಗಳದಲ್ಲಿ ನಿಂತಿತ್ತು ಅದೇ ಮನೆ, ಅದೇ ಹಸಿರು ಕಿಟಕಿ. ಭಾನುವಾರ ಕೇರಿಯವರೆಲ್ಲ ಸೇರಿ ಬಿಚ್ಚಿ, ಲಾರಿಗೆ ಹೇರಿ, ಮತ್ತೆ ಜೋಡಿಸಿದ್ದರು. ಪೇಟೆಯಲ್ಲಿದ್ದ ಅವನಿಗೆ ಒಬ್ಬರಾದರೂ ಬಾಯಿಬಿಟ್ಟಿರಲಿಲ್ಲ.

ಅತ್ತೆ ಕಿಟಕಿಯಿಂದ ಕೂಗಿದಳು. "ಏನೋ ಹಂಗೆ ಕಣ್ಣುಕಣ್ಣು ಬಿಡ್ತೀಯ? ಹೇಳಪ್ಪ ನಿನ್ನ ಪಾಠ! ಪಾಪ ಅವರು ಬಿಸಿಲಲ್ಲಿ ನಿಂತಿದಾರೆ!"

ವ್ಯಾನು ಹಾಳಾಗಿ ಹೋಗಲಿ, ಅತ್ತೆಯೂ ಹೋದರೆ ತನಗೆ ಯಾರಿದ್ದಾರೆ? ಖಾಲಿ ಕಲ್ಲುಗಳನ್ನು ತೋರಿಸುತ್ತ ಅವನು ತೊದಲಿದ: "ಮನೆ ಅವರದು, ಜಾಗ ಧಣೀದು... ಧಣಿ ಜಾಸ್ತಿ ಹಾರಾಡಿದ. ಅದಕ್ಕೇ ಹೊರಟುಹೋದ್ರು."

ಪ್ರವಾಸಿಗರಲ್ಲೊಬ್ಬ ಮುದುಕಿ ಲೊಚಗುಟ್ಟಿದಳು. "ಅಯ್ಯೋ! ಯಾರಪ್ಪ ಆ ಕಟುಕ ಧಣಿ?"

ಡಾರ್ನ್‌ಲಿ ಕಿಟಕಿಯ ಕಡೆ ತಿರುಗಿದ. "ನಾನೇ ಕಣಮ್ಮ," ಎಂದ, ರಸ್ತೆಯಾಚೆಗೂ ಕೇಳುವಂತೆ.

ಅತ್ತೆ ಮೂಗೊರೆಸಿಕೊಂಡು ಬಾಗಿಲು ತೆಗೆದಳು. "ಬಾ ಒಳಗೆ. ಇದು ಮರ್ಟಲ್ ಜಾಗ, ಕಾಲೊರೆಸ್ಕೊಂಡು ಬಾ!"