ಡೇರಿ ಚೀಟಿಯ ಹಿಂಬದಿ

ಶಾಲೆಯ ಪ್ರಶ್ನೆ ಪೆಟ್ಟಿಗೆಯ ಬೀಗವನ್ನು ಅಪ್ಪ ತೆಗೆಯುವಾಗ ಭಾನುಪ್ರಿಯಳಿಗೆ ತನ್ನ ತಪ್ಪು ಹೊಳೆಯಿತು. ಚೀಟಿಯಲ್ಲಿ ಹೆಸರು ಬರೆಯಬೇಡಿ ಎಂದು ಸುಮನಾ ಮೇಡಂ ಸಾರಿ ಸಾರಿ ಹೇಳಿದ್ದರು. ಎಂಟನೇ ಕ್ಲಾಸಿನ ಈ ಜಾಣೆ ಹೆಸರು ಬರೆದಿರಲಿಲ್ಲ, ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಗೀಚಿದ್ದಳು. ನೋಟ್‌ಬುಕ್ಕಿನ ಹಾಳೆ ಹರಿದರೂ ಸಿಕ್ಕಿಬೀಳುತ್ತೇನೆಂದು, ಬೆಳಿಗ್ಗೆ ಹಾಲು ಹಾಕಿದಾಗ ಡೇರಿಯಲ್ಲಿ ಕೊಟ್ಟ ಚೀಟಿಯ ಹಿಂಬದಿಯಲ್ಲಿ ಬರೆದಿದ್ದಳು. ಮುಂಬದಿಯಲ್ಲಿ ಅಪ್ಪನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಆ ಅಪ್ಪ, ಬಾಲರಾಜು, ಮೇಜಿನ ಪಕ್ಕದಲ್ಲೇ ಕೂತಿದ್ದ. ಶಾಲಾ ಸಮಿತಿಯ ಅಧ್ಯಕ್ಷ ಅವನೇ. ತಿಂಗಳಿಗೊಮ್ಮೆ ಮಕ್ಕಳೆಲ್ಲರ ಎದುರು ಪೆಟ್ಟಿಗೆ ತೆಗೆಯುವುದು ಅವನ ಕೈಯಿಂದಲೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ. ಚೀಟಿ ಅವನ ಕಣ್ಣಿಗೆ ಬಿದ್ದರೆ ಸಂಜೆ ಅವ್ವನ ಬೆನ್ನಿಗೆ ಉಳಿಗಾಲವಿರಲಿಲ್ಲ.

ಮೊದಲ ಚೀಟಿ ಶೌಚಾಲಯದ ಚಿಲಕ ಮುರಿದದ್ದರ ಬಗ್ಗೆ. ಎರಡನೆಯದನ್ನು ಮೇಡಂ ಓದಿದರು: "ಅಪ್ಪ ಅವ್ವಂಗೆ ಹೊಡೆಯೋದು ತಪ್ಪಾ?"

ಬರೆದ ಬದಿ ಮೇಡಂ ಕಡೆಗಿತ್ತು, ಅಚ್ಚಿನ ಬದಿ ಅಪ್ಪನ ಕಡೆಗೆ. ಅಪ್ಪ ಸ್ವಲ್ಪ ಬಗ್ಗಿ ನೋಡಿದ. ಆಮೇಲೆ ಮಗಳನ್ನು ನೋಡಿದ.

"ಅವ್ವ ತಪ್ಪು ಮಾಡಿದ್ರೆ ಹೊಡೀಬೋದು ಮಿಸ್," ಎಂದ ಹಿಂದಿನ ಸಾಲಿನ ಹುಡುಗನೊಬ್ಬ. ಕೆಲವರು ನಕ್ಕರು.

ಭಾನುಪ್ರಿಯಳ ಪಕ್ಕ ಕೂತಿದ್ದ ಅಸ್ರಾ ಎದ್ದು ನಿಂತಳು. "ನಾವು ತಪ್ಪು ಮಾಡಿದ್ರೆ ಹೊಡೀಬಾರ್ದು ಅಂತ ರೂಲ್ಸ್ ಐತೆ. ಅವ್ವಂಗ್ಯಾಕಿಲ್ಲ?"

ಯಾರೂ ನಗಲಿಲ್ಲ. ಏನೂ ಅರಿಯದ ಮೇಡಂ, "ಅಧ್ಯಕ್ಷರೇ ಹೇಳಲಿ," ಎಂದರು. ಮಕ್ಕಳೆಲ್ಲ ಅವನತ್ತ ತಿರುಗಿದರು.

ಬಾಲರಾಜು ಮಗಳಿಂದ ಕಣ್ಣು ತೆಗೆದು ಮಕ್ಕಳತ್ತ ನೋಡಿದ. "ತಪ್ಪು. ಹೆಂಗಸ್ರ ಮ್ಯಾಲೆ ಕೈ ಮಾಡಾದು ತಪ್ಪು."

ಚಪ್ಪಾಳೆ ಬಿತ್ತು. ಮೇಡಂ ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದರು, ಅವನು ರೂಢಿಯಂತೆ ಕೆಳಗೆ ಸೈನ್ ಹಾಕಿದ. ಏಳುವಾಗ ಚೀಟಿಯನ್ನು ಮೆಲ್ಲಗೆ ಜೇಬಿಗಿಳಿಸಿದ.

ಸಂಜೆ ಮನೆಗೆ ಬಂದವನೇ ಅದನ್ನು ಅವ್ವನ ಮುಂದೆ ಎಸೆದ. "ಇದ್ನ ಬರ್ಸಿದ್ದು ನೀನೇನಮ್ಮಿ?"

ಓದು ಬಾರದ ಅವ್ವ ಚೀಟಿ ಎತ್ತಿಕೊಂಡು ತಿರುಗಿಸಿ ನೋಡಿದಳು. "ಹಾಲಿನ ಚೀಟಿ ಅಲ್ವಾ? ಫ್ಯಾಟ್ ಕಮ್ಮಿ ಬಂದೈತಾ?"

ಅವನ ಕೈ ಮೇಲೆದ್ದಿತು. ಭಾನುಪ್ರಿಯ ನಡುವೆ ಬಂದು ನಿಂತಳು.

"ನಾನೇ ಬರ್ದಿದ್ದು. ತಪ್ಪು ಅಂತ ನೀನೇ ಹೇಳ್ದೆ, ಅಪ್ಪ. ಇಡೀ ಸ್ಕೂಲು ಕೇಳೈತೆ. ಬುಕ್ಕಲ್ಲಿ ನಿನ್ ಸೈನ್ ಐತೆ. ಮುಂದಿನ್ ತಿಂಗ್ಳೂ ಪೆಟ್ಗೆ ತೆಗ್ಯಕ್ಕೆ ನೀನೇ ಬರ್ಬೇಕು."

ಕೈ ಗಾಳಿಯಲ್ಲೇ ನಿಂತಿತು. ಇಳಿಯುತ್ತದೋ ಬೀಳುತ್ತದೋ ಅವಳಿಗೆ ತಿಳಿಯಲಿಲ್ಲ. ಕಡೆಗೆ ಅವನು ಗೂಟದಿಂದ ಟವೆಲ್ ಎಳೆದುಕೊಂಡು ಹೊರಗೆ ಹೋದ.

ಅವ್ವ ಚೀಟಿಯನ್ನು ಮಗಳ ಕೈಗೆ ಕೊಟ್ಟಳು.

"ಏನ್ ಬರ್ದೈತೆ ಇದ್ರಲ್ಲಿ? ಒಸಿ ಓದು, ಮಗ."