ಊಟದ ಬೆಲ್ಲಿಗೆ ಐದು ನಿಮಿಷ

ಕಿರ್ರೆಂದಿತು ಕುರ್ಚಿ, ಪೂರ್ತಿ ಕೂತಿಲ್ಲ, ತುದಿಯಲ್ಲಿ ಕೂತಿದ್ದಾಳೆ, ನಮ್ಮ ಕ್ಲಾಸಿನ ಲೀಡರ್, ಮೂವತ್ತೆಂಟು ಜನರನ್ನು ಕಣ್ಸನ್ನೆಯಲ್ಲೇ ಕುಣಿಸುವವಳು — ಕೂರು, ಆರಾಮಾಗಿ ಕೂರು, ಇನ್ನೈದು ನಿಮಿಷಕ್ಕೆ ಊಟದ ಬೆಲ್ಲು, ಬೆಲ್ಲಾದರೆ ಕೈ ತೊಳೆಯಲು ಇಡೀ ಸ್ಕೂಲು ಈ ಕೋಣೆಯ ಮುಂದೆಯೇ ನಲ್ಲಿಗೆ ಓಡಬೇಕು, ಬಾಗಿಲು ನಾನು ಹಾಕಿಲ್ಲ, ಮರೆತಿಲ್ಲ, ಹಾಕಿಲ್ಲ. ಮೊದಲು ಬಾಗಿಲು ಹಾಕು ಆಮೇಲೆ ಕೂರು ಎಂದೇ ಕೌನ್ಸೆಲರ್ ಮೇಡಂ ಜೊತೆಯವರ ಕಷ್ಟ ಕೇಳಲು ಬ್ಯಾಡ್ಜು ಹಾಕಿಸಿಕೊಂಡ ನಮ್ಮ ಆರು ಜನಕ್ಕೆ ಮೂರು ಶನಿವಾರ ಹೇಳಿಕೊಟ್ಟಿದ್ದು, ಈ ಕೋಣೆಯ ಆಟದ ಸಾಮಾನು ಖಾಲಿ ಮಾಡಿಸಿ ಎರಡು ಕುರ್ಚಿ ಹಾಕಿಸಿ, ಮನಸ್ಸು ಸರಿಯಿಲ್ಲದೆ ಬಂದೋರು ತಾವಾಗಿ ಬಾಯಿ ಬಿಡೋವರೆಗೂ ನೀವು ತುಟಿ ಬಿಚ್ಚಬಾರದು, ಯಾಕೆ ಅಂತ ಕೇಳಲೇಬಾರದು, ನಿಮ್ಮ ವಯಸ್ಸಿನವರ ಹತ್ರ ಹೇಳ್ಕೊಳ್ಳೋದು ಸುಲಭ ಕಣ್ರೇ — ಸುಲಭವಂತೆ! ಹೋದ ವರ್ಷ ನಾನು ಮೇಡಂ ಎದುರು ಮೂಗು ಸೋರಿಸಿಕೊಂಡು ಅಳುತ್ತಿದ್ದಾಗ ಹಾಜರಿ ಪುಸ್ತಕ ಹಿಡಿದು ಒಳಗೆ ಬಂದವಳು ಇವಳೇ, ನೋಡಿದಳು, ಪುಸ್ತಕ ಇಟ್ಟಳು, ಬಾಗಿಲನ್ನು ಹಾರುಹೊಡೆದು ಹಾಗೇ ಬಿಟ್ಟು ಹೋದಳು, ನಾನು ಕ್ಲಾಸಿಗೆ ಬರುವಷ್ಟರಲ್ಲಿ ಸುದ್ದಿ ಬಂದಾಗಿತ್ತು, ಅವಳಿಗೆ ತಲೆ ಕೆಟ್ಟಿದೆ ಕಣ್ರೋ, ದೂರ ಕೂತ್ಕೊಳಿ, ಕಚ್ತಾಳೆ. ಆವತ್ತಿನಿಂದ ನಾನು ಕಚ್ಚೋಳು, ಏಳನೇ ಕ್ಲಾಸಿನಲ್ಲಿ ನನ್ನ ತಂಗಿ ಕಚ್ಚೋಳ ತಂಗಿ, ಅಮ್ಮ ಬೇರೆ, ಅಳೋಕೆ ಮನೇಲಿ ಜಾಗ ಇರ್ಲಿಲ್ವಾ ನಿಂಗೆ, ಊರಿಗೆಲ್ಲಾ ತೋರಿಸ್ಬೇಕಿತ್ತಾ. ಅಮ್ಮನನ್ನು ಕ್ಷಮಿಸಿದ್ದೇನೆ. ಇವಳನ್ನು ಇಲ್ಲ. ಈ ಹಳದಿ ಬ್ಯಾಡ್ಜಿಗೆ ಹೆಸರು ಕೊಡುವಾಗ ಇನ್ಯಾರಿಗೂ ಹಾಗಾಗಬಾರದು ಮೇಡಂ ಎಂದೆ, ಸುಳ್ಳಲ್ಲ, ಇನ್ಯಾರಿಗೂ ಆಗಬಾರದು, ಇವಳೊಬ್ಬಳಿಗೆ ಆಗಬೇಕು.

ಓದ್ತಾ ಕೂತ್ರೆ ಕೈ ತಾನೇ ಹೋಗುತ್ತೆ ಕಣೇ, ಎನ್ನುತ್ತಿದ್ದಾಳೆ, ಬಾಯಿ ಬಿಟ್ಟಳು ಕೊನೆಗೂ, ಕಿತ್ತಾದ್ಮೇಲೇ ಗೊತ್ತಾಗೋದು, ನಮ್ಮಪ್ಪ ಗ್ಲೌಸ್ ಹಾಕ್ಕೊಂಡು ಓದು ಅಂತಾರೆ, ನಗ್ತಾರೆ. ಏನು ಕಿತ್ತಾದ ಮೇಲೆ? ಓ, ಹುಬ್ಬು, ಎಡಗಡೆಯ ಹುಬ್ಬೇ ಇಲ್ಲ, ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದು ಬೆವರಿಗೆ ಕರಗಿ ಕಣ್ಣಿನ ಮೂಲೆಗೆ ಇಳಿದಿದೆ, ಹೊಟ್ಟೆ ತಣ್ಣಗಾಯಿತು ನನಗೆ, ಬೋಳುಹುಬ್ಬಿ, ಹೆಸರು ಆಗಲೇ ನಾಲಿಗೆ ತುದಿಗೆ ಬಂತು, ಸಂಜೆಯೊಳಗೆ ಮೂವತ್ತೆಂಟು ಬಾಯಿಗೂ ಬರಲಿ — ಈಗ ತಿರುಗಿ ನೋಡಿದಳು, ಬಾಗಿಲನ್ನು, ಆಚೆಯ ಖಾಲಿ ಮೊಗಸಾಲೆಯನ್ನು, ಹೆದರು, ಎದ್ದು ಓಡು, ಹಾಕೇ ಪ್ಲೀಸ್ ಅಂತ ಬೇಡಿಕೋ, ಬೇಡಿಕೊಂಡರೂ ಹಾಕುವುದಿಲ್ಲ. ಬೇಕಂತಲೇ ತೆಗೆದಿಟ್ಟಿದೀಯ ಅಲ್ವಾ, ಎನ್ನುತ್ತಾಳೆ. ಇರ್ಲಿ ಬಿಡು, ಅವತ್ತು ನಾನೂ ಬೇಕಂತಲೇ ಬಿಟ್ಟಿದ್ದೆ, ಇವತ್ತು ನನ್ನ ನೋಡ್ಲಿ ಎಲ್ಲಾ. ಏಳಲಿಲ್ಲ, ಕುರ್ಚಿಯಲ್ಲಿ ಹಿಂದೆ ಸರಿದು ಪೂರ್ತಿ ಕೂತಳು, ಕೈ ಮಾತ್ರ ಮೇಲೆ ಹೋಯಿತು, ಹುಬ್ಬಿಗೆ — ಥೂ, ಇದನ್ನೂ ಕಿತ್ತುಕೊಂಡಳಲ್ಲ, ವರ್ಷವಿಡೀ ಹಲ್ಲು ಕಚ್ಚಿ ಕಾದ ಒಂದೇ ಒಂದು ಸೇಡು, ಇರ್ಲಿ ಬಿಡು ಅಂತ ನನಗೇ ದಾನ ಕೊಡುತ್ತಿದ್ದಾಳೆ, ಯಾರಿಗೆ ಬೇಕು ನಿನ್ನ ದಾನ, ಬೆಲ್ಲು ಹೊಡೆಯುತ್ತಿದೆ, ಮೆಟ್ಟಿಲ ಮೇಲೆ ಕಾಲುಗಳ ಸದ್ದು, ಎದ್ದಿದ್ದೇನೆ, ಯಾವಾಗ ಎದ್ದೆ, ಬಾಗಿಲು ಢಬ್ಬೆಂದಿತು, ಚಿಲಕವೂ ಬಿತ್ತು, ಇದು ಕನಿಕರವಲ್ಲ ತಿಳೀತಾ, ಕ್ಷಮಿಸಿಲ್ಲ ನಿನ್ನನ್ನ, ನೀನು ಒಪ್ಪಿಕೊಂಡು ಕೊಡುವ ಸೇಡು ನನಗೆ ಬೇಡ, ಇದನ್ನು ಅವಳ ಮುಖಕ್ಕೆ ಹೇಳಬೇಕು, ಈಗಲೇ, ಬೆನ್ನ ಹಿಂದೆ ಸ್ಕೂಲೆಲ್ಲ ಕೂಗಿಕೊಂಡು ಓಡುತ್ತಿದೆ, ಎದುರಿಗೆ ಆ ಬೆರಳು, ಉಗುರಿನ ಸಂದಿಯಲ್ಲಿ ಪೆನ್ಸಿಲ್ಲಿನ ಕಪ್ಪು, ಬೋಳು ಚರ್ಮದ ಮೇಲೆ ಹೋಗುತ್ತದೆ, ಬರುತ್ತದೆ, ಕೀಳಲು ಒಂದು ಕೂದಲೂ ಸಿಗದೆ, ಆ ಬೆರಳು, ಇನ್ನೂ ಹುಡುಕುತ್ತಿದೆ, ಆ ಬೆರಳು —